ಕಾಫಿ ಕಣದಿಂದ ಚೆರಿಯಪರಂಬಿಗೆ

ಒಕ್ಕದ ಹಾಕಿ ತಂಡ ಕಟ್ಟುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಒಂದು ಮಾದದ ಊಟದಲ್ಲಿ. 2024ರ ಜನವರಿ. ತೀರಿಕೊಂಡ ದೊಡ್ಡಪ್ಪನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಎಲೆಯ ಮುಂದೆ ಕುಳಿತಿದ್ದೆ. ಎದುರು ಸಾಲಿನಿಂದ ಅಣ್ಣನೊಬ್ಬ ಕೂಗಿ ಹೇಳಿದ: "ನೀನು ಬೆಂಗಳೂರಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆಯೇ ಇರುತ್ತೀಯಲ್ಲ, ಎಲ್ಲರಿಗೂ ಸುದ್ದಿ ಕಳಿಸುವುದು ನಿನಗೇ ಸುಲಭ." ಬಾಯಿ ತುಂಬ ಅನ್ನವಿತ್ತು. ಇಲ್ಲವೆನ್ನಲು ಆಗಲಿಲ್ಲ.

ಕೊಡಗಿನ ಹೊರಗಿನವರಿಗಾಗಿ ಎರಡು ಮಾತು. ಒಂದೇ ಮೂಲದಿಂದ ಬಂದು, ಒಂದೇ ಮನೆಹೆಸರು ಹೊತ್ತು, ಪೂರ್ವಿಕರ ಒಂದೇ ಮೂಲಮನೆಯನ್ನು, ಅಂದರೆ ಐನ್‌ಮನೆಯನ್ನು, ತಮ್ಮದೆನ್ನುವವರೆಲ್ಲ ಸೇರಿ ಒಂದು ಒಕ್ಕ. ಈ ಒಕ್ಕಗಳ ನಡುವೆ ಪ್ರತಿವರ್ಷ ಬೇಸಿಗೆಯಲ್ಲಿ ನಡೆಯುವುದೇ ಹಾಕಿ ನಮ್ಮೆ. ನಮ್ಮೆ ಎಂದರೆ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಇದನ್ನು ಆರಂಭಿಸಿದಾಗ ಬಂದದ್ದು 60 ತಂಡ. ವರ್ಷಕ್ಕೊಂದು ಒಕ್ಕ ಹೊಣೆ ಹೊರುತ್ತದೆ, ಕಪ್ಪಿಗೂ ಅದರದೇ ಹೆಸರು. 2024ರಲ್ಲಿ ನಾಪೋಕ್ಲಿನ ಚೆರಿಯಪರಂಬು ಮೈದಾನದಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಸಿದಾಗ 360 ತಂಡಗಳು ಹೆಸರು ಕೊಟ್ಟಿದ್ದವು, ಗಿನ್ನೆಸ್ ದಾಖಲೆಯೂ ಆಯಿತು. ಆ 360ರಲ್ಲಿ ಒಂದು ನಮ್ಮದು. ಎಷ್ಟನೆಯದು ಎಂದು ಕೇಳಬೇಡಿ.

ಭಾರತ ತಂಡಕ್ಕೆ ಹಾಕಿ ಆಡಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ ಇವರೆಲ್ಲ ಹುಟ್ಟಿದ ನೆಲ ಇದು ಎಂದು ಹೇಳಿಕೊಳ್ಳುವುದಕ್ಕೆ ನಮಗೆ ಯಾವ ಸಂಕೋಚವೂ ಇಲ್ಲ. ಆದರೆ ನಮ್ಮ ಒಕ್ಕಕ್ಕೆ ಆ ಗಾಳಿ ತಾಕಿಲ್ಲ. ಇಲ್ಲಿ ಆಟಗಾರರನ್ನು ಆರಿಸಿಕೊಳ್ಳುವ ಮಾತೇ ಇಲ್ಲ. ಯಾರು ಹುಟ್ಟಿದ್ದಾರೋ ಅವರೇ ಆಟಗಾರರು. ಗೋಲಿಗೆ ನಿಲ್ಲಲು ಒಪ್ಪಿದವನಿಗೆ ಐವತ್ತೆರಡು ವರ್ಷ, ಬ್ಯಾಂಕಿನಲ್ಲಿ ಕೆಲಸ. ಅವನ ದೊಡ್ಡ ಅರ್ಹತೆಯೆಂದರೆ ಓಡಲಾಗದಿರುವುದು.

ನಾನು ಮೊದಲು ಮಾಡಿದ ಕೆಲಸ ಫೋನ್. ಒಬ್ಬನಿಗೆ ಮೊಣಕಾಲು, ಇನ್ನೊಬ್ಬನಿಗೆ ಮಾರ್ಚ್ ಲೆಕ್ಕಪತ್ರ, ಮತ್ತೊಬ್ಬನ ಹೆಂಡತಿ "ಅವರು ಮನೆಯ ಮೆಟ್ಟಿಲು ಹತ್ತಿದರೇ ಸಾಕಾಗಿದೆ" ಎಂದು ನಕ್ಕಳು. ಎರಡು ತಲೆಮಾರಿನ ಹಿಂದೆಯೇ ಮೈಸೂರು ಸೇರಿದ ಕವಲಿನ ಹುಡುಗನೊಬ್ಬ ಬಹಳ ಸಂಕೋಚದಿಂದ, "ಐನ್‌ಮನೆಗೆ ನಾನು ಬಂದದ್ದೇ ಇಲ್ಲ, ಬರಬಹುದೇ?" ಎಂದು ಕೇಳಿದ. ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯದೆ ನಾನು ಸುಮ್ಮನಾದೆ. ಬರಬಹುದೇ ಎಂದು ಕೇಳುವಂತೆ ಆದದ್ದು ಅವನ ತಪ್ಪಲ್ಲವಲ್ಲ.

ಯಾರು ಯಾರಿಗೆ ಏನಾಗಬೇಕು ಎಂಬುದೇ ಗೊಂದಲವಾದಾಗ ಗ್ರಾಫ್ ಹಾಳೆಗಳನ್ನು ಅಂಟಿಸಿ ವಂಶವೃಕ್ಷ ಬರೆಯಲು ಕುಳಿತೆ. ಹದಿಮೂರು ವರ್ಷದ ಮಗಳು ಅಳತೆಪಟ್ಟಿ ಹಿಡಿದು ಜೊತೆಗೆ ಕುಳಿತಳು. ಮೂರನೆಯ ಸಂಜೆ ಅವಳು ಒಂದು ಗೆರೆಯನ್ನು ಹಿಡಿದು ಮೇಲಿನಿಂದ ಕೆಳಗೆ ಎರಡು ಸಲ ಬೆರಳಾಡಿಸಿ ಕಿರುಚಿದಳು. ವಿರಾಜಪೇಟೆಯ ಒಂಬತ್ತು ವರ್ಷದ ಪೋರನೊಬ್ಬ ಸಂಬಂಧದಲ್ಲಿ ಅವಳಿಗೆ ಚಿಕ್ಕಪ್ಪ! ಅಂದಿನಿಂದ ಅವನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಂದಿಲ್ಲ. "ಚಿಕ್ಕಪ್ಪನಿಗೆ ಜರ್ಸಿ ಯಾವ ಅಳತೆ?" "ಚಿಕ್ಕಪ್ಪನಿಗೆ ಹಾಲುಹಲ್ಲು ಬಿದ್ದಿದೆಯಂತೆ." ಜರ್ಸಿಯ ಬಣ್ಣದ ಜಗಳ ಹನ್ನೊಂದು ದಿನ ನಡೆದು ಕಡುನೀಲಿಯಲ್ಲಿ ಮುಗಿಯಿತು. ಅದನ್ನು ವಿವರಿಸಿದರೆ ಮತ್ತೆ ಶುರುವಾಗುತ್ತದೆ.

ಈಗ ಮಗಳ ವಿಷಯ. ನಿಜವಾಗಿ ಬರೆಯಬೇಕಾದದ್ದು ಅದನ್ನೇ.

ಅವಳು ಬೆಂಗಳೂರಿನ ಒಂದು ತರಬೇತಿ ಶಿಬಿರದಲ್ಲಿ ಮೂರು ವರ್ಷದಿಂದ ಟರ್ಫಿನ ಮೇಲೆ ಆಡುತ್ತಿದ್ದಳು. ಬೇಲಿಯ ಆಚೆ ನಿಂತು ಕೂಗುವ ಅಪ್ಪಂದಿರಲ್ಲಿ ನನ್ನ ದನಿಯೇ ಎತ್ತರ. "ಬಲಕ್ಕೆ!" "ಪಾಸ್ ಕೊಡು!" "ನಿದ್ದೆ ಮಾಡುತ್ತಿದ್ದೀಯಾ?" ಒಂದು ಭಾನುವಾರ ತರಬೇತುದಾರರು ಹತ್ತಿರ ಬಂದು, ತುಂಬ ಮರ್ಯಾದೆಯಿಂದಲೇ, ಇನ್ನು ಮೇಲೆ ಗೇಟಿನ ಹೊರಗೆ ನಿಲ್ಲುವಿರಾ ಎಂದರು. ನನಗೆ ಅವಮಾನವಾಯಿತು, ಬುದ್ಧಿ ಬರಲಿಲ್ಲ. ಗೇಟಿನ ಹೊರಗೆ ನುಂಗಿಕೊಂಡದ್ದನ್ನೆಲ್ಲ ಕಾರಿನೊಳಗೆ ಕಕ್ಕುತ್ತಿದ್ದೆ. ಯಾವ ನಿಮಿಷದಲ್ಲಿ ಯಾವ ಚೆಂಡು ಬಿಟ್ಟಳು, ಯಾರಿಗೆ ಕೊಡಬೇಕಿತ್ತು, ಎಲ್ಲ. ಕೆಲವು ವಾರಗಳ ಬಳಿಕ ಅವಳು ಮುಂದಿನ ಸೀಟಿನಲ್ಲಿ ಕೂರುವುದನ್ನು ಬಿಟ್ಟಳು. ಹಿಂದೆ ಕುಳಿತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವಳು. ಹಾಡು ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಒಮ್ಮೆ ಅದರ ತಂತಿ ಯಾವುದಕ್ಕೂ ಸೇರದೆ ತೊಡೆಯ ಮೇಲೆ ನೇತಾಡುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡೆ.

ಮಾರ್ಚ್‌ನಲ್ಲಿ ಎರಡು ವಾರಾಂತ್ಯ ಐನ್‌ಮನೆಯಲ್ಲಿ ಅಭ್ಯಾಸ. ಆ ವರ್ಷದ ಬೇಸಿಗೆ ನೆನಪಿರುವವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಟ್ಯಾಂಕರಿಗೆ ಸಾಲು, ಕೊಡಗಿನಲ್ಲಿ ಕಾಫಿ ಅರಳಿಸುವ ಹೂಮಳೆಯ ಸುಳಿವಿಲ್ಲ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾ ಕಾಫಿ ಅರಳಿಸಿಕೊಂಡಿದ್ದರು. ಅವರ ತೋಟ ಬೆಳ್ಳಗೆ, ಪಕ್ಕದ ತೋಟ ಬಾಡಿದ ಹಸಿರು. ಬೆಳಿಗ್ಗೆ ಐದೂವರೆಗೆ ಆ ಹೂವಿನ ಪರಿಮಳ ಕಣದವರೆಗೆ ಬರುತ್ತಿತ್ತು. ಮಲ್ಲಿಗೆಗೆ ಸ್ವಲ್ಪ ಜೇನು ಬೆರೆಸಿದಂತೆ. ಇಂಥ ವರ್ಷದಲ್ಲಿ ನಮ್ಮವರ ಪ್ರಾರ್ಥನೆಯೇ ಇಬ್ಭಾಗವಾಗುತ್ತದೆ. ಮಳೆ ಬೆಳೆಗೆ ಒಡೆಯನಾದ ಪಾಡಿ ಇಗ್ಗುತ್ತಪ್ಪನಿಗೆ ತೋಟದವರು ಮಳೆ ಕೇಳುತ್ತಾರೆ, ಹಾಕಿ ನಡೆಸುವವರು ಇನ್ನು ನಾಲ್ಕು ವಾರ ತಡೆ ಎನ್ನುತ್ತಾರೆ. ಬಹುತೇಕ ಇಬ್ಬರೂ ಒಂದೇ ಮನೆಯವರು.

ಮೆಣಸು ಒಣಗಿಸಿ ತೆಗೆದಿದ್ದ ಸಿಮೆಂಟಿನ ಕಣದಲ್ಲಿ ಮೊದಲು ಪಾಸ್ ಅಭ್ಯಾಸ. ಅಲ್ಲಿ ಮಗಳು ಮಿಂಚಿದಳು, ನಾನು ಉಬ್ಬಿದೆ. ಆಮೇಲೆ ಗದ್ದೆಗೆ ಇಳಿದೆವು. ಕೊಯ್ಲು ಮುಗಿದ ಗದ್ದೆ ಬಿರುಕುಬಿಟ್ಟು ಕಲ್ಲಾಗಿತ್ತು, ಭತ್ತದ ಕೂಳೆ ಹಾಗೇ ನಿಂತಿತ್ತು. ಟರ್ಫಿನಲ್ಲಿ ಗೆರೆ ಎಳೆದಂತೆ ಉರುಳುವ ಚೆಂಡು ಇಲ್ಲಿ ಕಪ್ಪೆಯಂತೆ ಕುಪ್ಪಳಿಸಿತು. ಮೂರು ವರ್ಷದ ಶುಲ್ಕ ನನ್ನ ಕಣ್ಣ ಮುಂದೆಯೇ ಗದ್ದೆಯ ಪಾಲಾಗುತ್ತಿತ್ತು. ಬದುವಿನ ಮೇಲೆ ಕುಳಿತಿದ್ದ ಎಪ್ಪತ್ತೆಂಟರ ಅಜ್ಜ, ಅಂದರೆ ನಮ್ಮ ಒಕ್ಕದ ಯಜಮಾನರಾದ ಪಟ್ಟೆದಾರರು, ಅವಳನ್ನು ಕರೆದು ಹೇಳಿದರು: "ಚೆಂಡನ್ನು ನೋಡಬೇಡ. ಕೂಳೆಯನ್ನು ನೋಡು. ಚೆಂಡು ಎಲ್ಲಿಗೆ ಹೋಗುತ್ತದೆಂದು ಕೂಳೆ ಹೇಳುತ್ತದೆ." ಇಷ್ಟೇ. ಅವಳು ತಲೆಯಾಡಿಸಿ ಹೋದಳು. ಸಂಜೆಯ ಹೊತ್ತಿಗೆ ನಾಲ್ಕರಲ್ಲಿ ಒಂದು ಚೆಂಡು ಹಿಡಿತಕ್ಕೆ ಬಂತು. ಮೂರು ವರ್ಷದಲ್ಲಿ ನಾನು ಎಷ್ಟು ಮಾತು ಖರ್ಚು ಮಾಡಿದ್ದೆ ಎಂದು ಲೆಕ್ಕ ಹಾಕುತ್ತ ಕುಳಿತೆ.

ಡ್ರಾ ಬಂದಾಗ ಇನ್ನೊಂದು ತಮಾಷೆ. ಮೊದಲ ಸುತ್ತಿನಲ್ಲೇ ನಮ್ಮ ಎದುರಾಳಿ ನನ್ನ ಹೆಂಡತಿಯ ತವರು ಒಕ್ಕ. ಅವಳ ತಮ್ಮನೇ ಅವರ ಸೆಂಟರ್ ಫಾರ್ವರ್ಡ್. ಯಾರ ಕಡೆ ಎಂದು ಕೇಳಿದರೆ ಹೆಂಡತಿ ಒಟ್ಟಿ, ಅಂದರೆ ನಮ್ಮ ಅಕ್ಕಿ ರೊಟ್ಟಿ, ತಟ್ಟುವುದನ್ನು ನಿಲ್ಲಿಸದೆ, "ಅಂದು ನೋಡಿಕೊಳ್ಳಿ" ಎಂದಳು.

ಪಂದ್ಯದ ಹಿಂದಿನ ರಾತ್ರಿ ಎಲ್ಲರೂ ಐನ್‌ಮನೆಯಲ್ಲೇ ಮಲಗಬೇಕೆಂದು ಪಟ್ಟೆದಾರರ ಮಾತು. ಮೈಸೂರಿನ ಹುಡುಗನೂ ಬಂದ, ಕೈಯಲ್ಲಿ ಎರಡು ಕಿಲೋ ಸಿಹಿ ಹಿಡಿದು. ಯಾರ ಮನೆಗೆ ಹೋಗುವಾಗ ನಾವು ಸಿಹಿ ಒಯ್ಯುತ್ತೇವೆ ಎಂದು ಯೋಚಿಸಿ ನನಗೆ ಮತ್ತೆ ಕಸಿವಿಸಿಯಾಯಿತು.

ನಾನು ದೈವಭಕ್ತ ಎಂದು ಹೇಳಿಕೊಳ್ಳಲಾರೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ದೇವರ ಪಟಗಳು ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿವೆ, ವಾರಕ್ಕೊಮ್ಮೆ ನೆನಪಾದರೆ ಊದುಬತ್ತಿ. ಆದರೆ ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚಿದಾಗ ನನಗೆ ಬೇರೆಯದೇ ಆಗುತ್ತದೆ. ಅಲ್ಲಿ ನಾವು ನೆನೆಯುವುದು ಗುರು ಕಾರೋಣನನ್ನು, ಒಕ್ಕದ ಮೊದಲ ಹಿರಿಯನನ್ನು. ನಡುವೆ ಅರ್ಚಕರಿಲ್ಲ. ಕೈಯಲ್ಲಿ ನಾಲ್ಕು ಕಾಳು ಅಕ್ಕಿ, ಎದುರಿಗೆ ದೀಪ, ಹಿಂದೆ ನಿಂತ ನೆಂಟರ ಉಸಿರು. ನಂಬಿಕೆ ಎಂದು ನನ್ನಲ್ಲಿ ಏನಾದರೂ ಉಳಿದಿದ್ದರೆ ಅದು ಇಷ್ಟರಲ್ಲೇ ಇದೆ.

ಮಗಳು ಅಕ್ಕಿ ಹಿಡಿದವಳು ಥಟ್ಟನೆ ತಿರುಗಿ ಕೇಳಿದಳು: "ಅಜ್ಜ, ಗೆಲ್ಲಲಿ ಎಂದು ಕೇಳಬಹುದೇ?"

"ಎದುರಿನವರೂ ಈಗ ಅವರ ಕಾರೋಣನನ್ನು ಅದನ್ನೇ ಕೇಳುತ್ತಿರುತ್ತಾರೆ," ಎಂದರು ಪಟ್ಟೆದಾರರು. "ಅದು ನಿನ್ನ ಅವ್ವನ ಮನೆ ಬೇರೆ. ಇಬ್ಬರು ಅಜ್ಜಂದಿರಿಗೆ ಜಗಳ ಹಚ್ಚಬೇಡ. ಯಾರ ಮೂಳೆಯೂ ಮುರಿಯದಿರಲಿ ಎನ್ನು."

ಅವಳು ತುಟಿಯಲ್ಲೇ ಏನೋ ಅಂದು ಅಕ್ಕಿ ಹಾಕಿದಳು. ಏನೆಂದು ನಾನು ಕೇಳಲಿಲ್ಲ. ನಾನು ಕೇಳದೆ ಬಿಟ್ಟದ್ದು ಬಹುಶಃ ಅದೇ ಮೊದಲು.

ಊಟದ ತಕರಾರು ಹೇಳದೆ ಹೋದರೆ ನಮ್ಮವರು ಕ್ಷಮಿಸಲಾರರು. ಆ ವಾರ ಊರ ಭಗವತಿಯ ಹಬ್ಬಕ್ಕೆ ಕಟ್ಟು ಬಿದ್ದಿತ್ತು. ನಮ್ಮೂರಲ್ಲಿ ಕಟ್ಟು ಎಂದರೆ ಹಬ್ಬ ಮುಗಿಯುವವರೆಗೆ ಮಾಂಸವಿಲ್ಲ, ಮದುವೆಯಿಲ್ಲ, ಹಸಿಮರಕ್ಕೆ ಕತ್ತಿಯಿಲ್ಲ. ಬೆಂಗಳೂರಿನಿಂದ ಬಂದ ಹುಡುಗರು, ನಾವು ಈ ಊರಿನಲ್ಲಿ ವಾಸವಿಲ್ಲ, ಆಡುವುದು ನಾಪೋಕ್ಲಿನಲ್ಲಿ, ನಮಗೆಲ್ಲಿಯ ಕಟ್ಟು ಎಂದು ವಾದ ಹೂಡಿದರು. ಅವರಲ್ಲೊಬ್ಬ ವಕೀಲ, ಹಾಗಾಗಿ ವಾದ ಚೆನ್ನಾಗಿಯೇ ಇತ್ತು. ಪಟ್ಟೆದಾರರು ಕೊನೆಯವರೆಗೂ ಕೇಳಿ, "ನಿನ್ನೆ ರಾತ್ರಿ ಎಲ್ಲಿ ಮಲಗಿದೆ?" ಎಂದರು. ವಾದ ಮುಗಿಯಿತು. ಅಂದು ಮೈದಾನದ ಪಕ್ಕ ಎದುರಾಳಿಗಳ ಕಡೆಯಿಂದ ಪಂದಿ ಕರಿಯ, ಅಂದರೆ ಹಂದಿ ಸಾರಿನ, ಘಮ ಬರುತ್ತಿದ್ದರೆ ನಾವು ಅಕ್ಕಿ ಒಟ್ಟಿಗೆ ಕಾಡುಮಾವಿನ ಗೊಜ್ಜು ಹಚ್ಚಿಕೊಂಡು ಓಟೆ ಚೀಪುತ್ತಿದ್ದೆವು. ಭಾವಮೈದುನ ತಟ್ಟೆ ಹಿಡಿದು ಎದುರಿಗೇ ಬಂದು ನಿಂತು ತಿಂದ. ಅದನ್ನು ಮರೆತಿಲ್ಲ.

ಪಂದ್ಯ. ಧೂಳು ಮೊಣಕಾಲಿನವರೆಗೆ. ನಾನು ತಂಡದ ಮ್ಯಾನೇಜರ್, ಅಂದರೆ ಬೇಲಿಯ ಈಚೆ ಅಧಿಕೃತವಾಗಿ ನಿಲ್ಲುವ ಹಕ್ಕುಳ್ಳವನು. ಏಳೆಂಟು ನಿಮಿಷ ಹಲ್ಲು ಕಚ್ಚಿ ಸುಮ್ಮನಿದ್ದೆ. ನಮ್ಮ ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ ಡಿಯ, ಹತ್ತಿರ ಮಗಳಿಗೆ ಚೆಂಡು ಸಿಕ್ಕಿತು, ಎದುರಿಗೆ ಅವಳ ಮಾವನೇ ಬರುತ್ತಿದ್ದ. "ಬಲಕ್ಕೆ!" ಎಂದು ಕೂಗಿಬಿಟ್ಟೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಚೆಂಡು ಬಿಟ್ಟು, ಕೂಳೆ ಬಿಟ್ಟು, ನನ್ನನ್ನು. ಅಷ್ಟರಲ್ಲಿ ಅವನು ಚೆಂಡು ಕಸಿದು ಗೋಲು ಹೊಡೆದಿದ್ದ.

ನಾಯಕನಾಗಿದ್ದ ಅಣ್ಣ, ಮಾದದ ಊಟದಲ್ಲಿ ನನಗೆ ಕೆಲಸ ಹಚ್ಚಿದವನೇ, ಗೆರೆಯವರೆಗೆ ಓಡಿ ಬಂದ. ಸಿಟ್ಟಿನ ಸುಳಿವೂ ಇಲ್ಲದ ದನಿಯಲ್ಲಿ, "ಅವಳು ಈಗ ನಮ್ಮ ಲೆಫ್ಟ್ ಹಾಫ್. ಅವಳಿಗೆ ಹೇಳುವುದಿದ್ದರೆ ನಾನು ಹೇಳುತ್ತೇನೆ. ನೀನು ನೀರು ನೋಡಿಕೋ," ಎಂದು ಹೇಳಿ ಹೋದ.

ಹದಿನೆಂಟು ಜನರಿಗೆ ನೀರು ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಯಾರ ಬಾಟಲಿ ಯಾವುದು, ಯಾರಿಗೆ ಉಪ್ಪು ಸಕ್ಕರೆ ಬೆರೆಸಿದ್ದು, ಗೋಲಿನಲ್ಲಿರುವ ಬ್ಯಾಂಕಿನವನಿಗೆ ಯಾವಾಗ ತಲುಪಿಸಬೇಕು. ತಲೆ ತಗ್ಗಿಸಿ ತುಂಬಿಸುತ್ತಿದ್ದರಿಂದ ನಮ್ಮ ಮೇಲೆ ಬಿದ್ದ ಎರಡನೆಯ ಗೋಲು ನನಗೆ ಕಾಣಲೇ ಇಲ್ಲ. ಮಗಳು ಒಮ್ಮೆ ಬಂದು ಗಟಗಟ ಕುಡಿದು, ಬಾಟಲಿ ನನ್ನ ಕೈಗೆ ತಳ್ಳಿ, ಏನೂ ಹೇಳದೆ ಓಡಿದಳು. ಮುಖವೆಲ್ಲ ಕೆಂಪು ಧೂಳು, ಹಲ್ಲು ಮಾತ್ರ ಬಿಳಿ. ಅವಳು ನಗುತ್ತಿದ್ದಳು. ಆಟದ ನಡುವೆ ಅವಳು ನಕ್ಕದ್ದನ್ನು ನಾನು ಕಂಡಿದ್ದೆನೇ? ನೆನಪಾಗಲಿಲ್ಲ.

4-1ರಿಂದ ಸೋತೆವು. ನಮ್ಮ ಒಂದು ಗೋಲು ಮೈಸೂರಿನ ಹುಡುಗನ ಕೋಲಿಗೆ ತಾಗಿ ಹೋಯಿತೋ, ಎದುರಾಳಿಯ ಕಾಲಿಗೋ ಎಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಕೊನೆಯ ಐದು ನಿಮಿಷ ಚಿಕ್ಕಪ್ಪನನ್ನು ಇಳಿಸಿದರು. ಇಬ್ಬರ ಕಡೆಯಿಂದಲೂ ಚಪ್ಪಾಳೆ. ಭಾವಮೈದುನ ಚೆಂಡನ್ನು ಮೆಲ್ಲಗೆ ಅವನತ್ತ ಉರುಳಿಸಿ ಪಕ್ಕಕ್ಕೆ ಸರಿದ. ಹುಡುಗ ಬೀಸಿದ ರಭಸಕ್ಕೆ ಸ್ಟಿಕ್ ಕೈಜಾರಿ ಒಂದು ಕಡೆ, ಚೆಂಡು ಇದ್ದಲ್ಲೇ. ಅವನನ್ನು ಎಬ್ಬಿಸಲು ಓಡಿದ್ದು ನನ್ನ ಮಗಳು, ಅವಳ ಹಿಂದೆ ಅವಳ ಮಾವ. ಹೆಂಡತಿಯತ್ತ ನೋಡಿದೆ. ತವರಿನವರ ನಡುವೆ ಕುಳಿತಿದ್ದಳು, ಮೇಲೆ ನಮ್ಮ ಕಡುನೀಲಿ ಜರ್ಸಿ, ಕೈಯಲ್ಲಿ ಅವರ ಪಂದಿ ಕರಿಯ ತಟ್ಟೆ. ಕಟ್ಟಿಗೆ ಅವಳು ಏನು ಸಮಾಧಾನ ಹೇಳಿದಳೋ, ನಾನು ವಿಚಾರಿಸಲು ಹೋಗಲಿಲ್ಲ.

ಏಪ್ರಿಲ್ 14ಕ್ಕೆ ಎಡಮ್ಯಾರ್ ಒಂದು, ನಮ್ಮ ಹೊಸ ವರ್ಷ. ಅಲ್ಲಿಯವರೆಗೂ ಉಳಿದೆವು. ಬೆಳಿಗ್ಗೆ ಅಜ್ಜ ಅದೇ ಗದ್ದೆಯಲ್ಲಿ ಶಾಸ್ತ್ರಕ್ಕೆ ಉಳುಮೆಯ ಗೆರೆ ಎಳೆದರು. ನಾವು ಓಡಾಡಿದ ಗುರುತುಗಳ ಮೇಲೆಯೇ ಗೆರೆ ಹಾಯಿತು. ನೆಲ ಗಟ್ಟಿಯಿತ್ತು, ನಾಲ್ಕು ಅಂಗುಲವೂ ಇಳಿಯಲಿಲ್ಲ.

ಬೆಂಗಳೂರಿಗೆ ಹಿಂತಿರುಗಿದ ಮೇಲೆ ನಾನು ಸಂಪೂರ್ಣ ಬದಲಾದೆ ಎಂದು ಬರೆದರೆ ಮಗಳು ಓದಿ ನಗುತ್ತಾಳೆ. ಜೂನ್‌ನಲ್ಲೇ ಎರಡು ಸಲ ಕೂಗಿದ್ದೇನೆ. ಆದರೆ ಪಂದ್ಯಕ್ಕೆ ಹೋಗುವಾಗ ನೀರಿನ ಡಬ್ಬ ಹೊರುವುದನ್ನು ರೂಢಿ ಮಾಡಿಕೊಂಡೆ. ಕೈಗೆ ಕೆಲಸವಿದ್ದರೆ ಬಾಯಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಕಾರಿನಲ್ಲಿ ನಾನಾಗಿ ಆಟದ ಮಾತು ತೆಗೆಯುವುದಿಲ್ಲ ಎಂದು ಒಪ್ಪಂದವಾಗಿದೆ. ಒಮ್ಮೊಮ್ಮೆ ಅವಳೇ ತೆಗೆಯುತ್ತಾಳೆ, ಒಮ್ಮೊಮ್ಮೆ ಮನೆ ಮುಟ್ಟುವವರೆಗೂ ಇಬ್ಬರೂ ಸುಮ್ಮನಿರುತ್ತೇವೆ.

ಮರುವರ್ಷದ ನಮ್ಮೆ ಮಡಿಕೇರಿಯಲ್ಲಿ, ಮುದ್ದಂಡ ಒಕ್ಕದವರದು. 396 ತಂಡ. ತಂಡ ಕಟ್ಟುವ ಕೆಲಸವನ್ನು ಈ ಸಲ ಯಾರಿಗೆ ದಾಟಿಸಲಿ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಒಂದು ಜನವರಿ ಸಂಜೆ ಒಕ್ಕದ ವಾಟ್ಸ್ಆಪ್ ಗುಂಪಿಗೆ ಕೈಬರಹದ ಹಾಳೆಯೊಂದರ ಫೋಟೊ ಬಂತು. ಮಗಳ ಅಕ್ಷರ. ಹತ್ತೊಂಬತ್ತು ಹೆಸರು, ಪ್ರತಿ ಹೆಸರಿನ ಮುಂದೆ ಅವರ ಜಾಗ. ಗೋಲು, ಹಾಫ್, ಫಾರ್ವರ್ಡ್. ಚಿಕ್ಕಪ್ಪನ ಮುಂದೆ "ಕೊನೆಯ ಹತ್ತು ನಿಮಿಷ" ಎಂದಿತ್ತು, ಅವನಿಗೆ ಬಡ್ತಿಯಾಗಿತ್ತು. ಹಾಳೆಯ ಅಡಿಯಲ್ಲಿ ಬೇರೆಯಾಗಿ ಒಂದು ಸಾಲು: ಅಪ್ಪ, ನೀರು.