ಆರು ಲೋಟ ಕಾಫಿ, ಒಂದು ಚಮಚ ಅಶ್ವಗಂಧ

2022ರ ಜೂನ್‌ನಲ್ಲಿ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದಾಗ ಕಾರಣವೇ ಇಲ್ಲದೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿತು, ಎಳೆದ ಉಸಿರು ಅರ್ಧಕ್ಕೇ ನಿಂತಂತಾಯಿತು. ಹೃದಯಾಘಾತವೆಂದೇ ತಿಳಿದು ಮುಂದಿನ ನಿಲ್ದಾಣದಲ್ಲಿ ಇಳಿದು, ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಥೈರಾಯ್ಡ್ ಹಾರ್ಮೋನು ಹೆಚ್ಚಾದರೂ ರಕ್ತಹೀನತೆ ಇದ್ದರೂ ಎದೆ ಹೀಗೆಯೇ ಬಡಿದುಕೊಳ್ಳುತ್ತದೆಂದು ವೈದ್ಯರು ರಕ್ತಪರೀಕ್ಷೆಯನ್ನೂ ಮಾಡಿಸಿದರು. ಅದೂ ಸರಿಯಾಗಿತ್ತು. ಇದು ಆತಂಕ ಎಂದು ಹೇಳಿದ ಅವರು, ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರಿ, ಎಷ್ಟು ಗಂಟೆ ಮಲಗುತ್ತೀರಿ ಎಂದು ಕೇಳಿದರು. ಎರಡಕ್ಕೂ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ಮನೆಗೆ ಬಂದು ಒಂದು ವಾರ ಲೆಕ್ಕ ಬರೆದಿಟ್ಟೆ. ಬೆಳಿಗ್ಗೆ ಮನೆಯಲ್ಲಿ ಎರಡು, ಕಚೇರಿಯ ಕೆಳಗಿನ ದರ್ಶಿನಿಯಲ್ಲಿ ಮೂರು, ಸಂಜೆ ಮನೆಗೆ ಬಂದೊಡನೆ ಒಂದು, ಹೀಗೆ ಒಟ್ಟು ಆರು ಲೋಟ. ಬೈಟು ಹೇಳಿದ್ದನ್ನು ನಾನು ಕಾಫಿಯೆಂದೇ ಎಣಿಸಿರಲಿಲ್ಲ. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಅಂದರೆ ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಉಳಿದಿರುತ್ತದೆ. ನಿದ್ದೆ ಕೆಟ್ಟು ಮರುದಿನ ತೂಕಡಿಕೆ, ತೂಕಡಿಕೆಗೆ ಮತ್ತೆ ಕಾಫಿ, ಕಾಫಿಯಿಂದ ಮತ್ತೆ ಎದೆಬಡಿತ. ಎದೆ ಬಡಿದರೆ ಏನೋ ಆಗಿಬಿಡುತ್ತದೆಂಬ ಭಯ. ಈ ಸುತ್ತನ್ನು ಕಾಗದದ ಮೇಲೆ ನೋಡಿದ ದಿನ ನನಗೆ ನಿಜಕ್ಕೂ ಸಮಾಧಾನವಾಯಿತು, ಏಕೆಂದರೆ ಅದನ್ನು ಎಲ್ಲಿ ಕತ್ತರಿಸಬಹುದೆಂಬುದು ಕಾಣಿಸಿತ್ತು.

ಮೊದಲು ಒಮ್ಮೆಲೇ ಬಿಟ್ಟು ನೋಡಿದೆ, ಅದು ತಪ್ಪಾಯಿತು. ಎರಡು ದಿನ ತಲೆ ಸಿಡಿದುಹೋಯಿತು. ಆಮೇಲೆ ವಾರಕ್ಕೊಂದು ಲೋಟದಂತೆ, ಸಂಜೆಯದರಿಂದ ಆರಂಭಿಸಿ ಕಡಿಮೆ ಮಾಡಿದೆ. ಒಂದು ತಿಂಗಳಿಗೆ ಎರಡು ಲೋಟಕ್ಕೆ ಬಂದು ನಿಂತೆ, ಅವೂ ಬೆಳಿಗ್ಗೆ ಹನ್ನೊಂದರೊಳಗೆ. ನಿದ್ದೆ ಮರಳಲು ಮತ್ತೂ ಮೂರು ವಾರ ಹಿಡಿಯಿತು. ಮೊಬೈಲನ್ನು ಅಡುಗೆಮನೆಯಲ್ಲಿಟ್ಟು ಮಲಗಿದ್ದೂ ಇದಕ್ಕೆ ನೆರವಾಯಿತು.

ಬೆಳಗಿನ ನಡಿಗೆಗೆ ಲಾಲ್‌ಬಾಗ್ ಆರಿಸಿಕೊಂಡೆ. ಕೆಂಪೇಗೌಡ ಗೋಪುರವಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕುಳಿತು, ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರೆಳೆದು ಆರು ಎಣಿಸುತ್ತ ಬಿಡುವುದನ್ನು ಹತ್ತು ನಿಮಿಷ ಮಾಡುತ್ತಿದ್ದೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಇದನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ, ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಂಡು ಕುಳಿತರೆ ಎಷ್ಟೋ ಸಲ ಗೊತ್ತಾಗುತ್ತದೆ. ಶಾಂತವಾಗಿದ್ದಾಗ ರೂಢಿಸಿಕೊಂಡಿದ್ದರಿಂದಲೇ ಬಸ್ಸಿನ ನೂಕುನುಗ್ಗಲಿನಲ್ಲಿ ಅದು ಕೈಹಿಡಿಯಿತು.

ಅಶ್ವಗಂಧದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗ್ರಂಧಿಗೆ ಅಂಗಡಿಯಿಂದ ಅದರ ಬೇರಿನ ಚೂರ್ಣ ತಂದು ರಾತ್ರಿ ಹಾಲಿನಲ್ಲಿ ಒಂದು ಚಮಚ ಕದಡಿ ಕುಡಿಯುತ್ತಿದ್ದೆ. ಎರಡು ತಿಂಗಳಲ್ಲಿ ಮನಸ್ಸು ಹಗುರವಾದದ್ದು ನಿಜ. ಆದರೆ ಕಾಫಿ ಕಡಿಮೆಯಾಗಿ ನಿದ್ದೆ ಬಂದದ್ದೂ ಅದೇ ತಿಂಗಳುಗಳಲ್ಲಿ, ಹಾಗಾಗಿ ಶ್ರೇಯಸ್ಸು ಬೇರಿನದೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಣ್ಣ ಸಣ್ಣ ಅಧ್ಯಯನಗಳಲ್ಲಿ ಅದು ಒತ್ತಡವನ್ನು ಕೊಂಚ ತಗ್ಗಿಸಿದೆ. ಅಷ್ಟರಿಂದಲೇ ಧೈರ್ಯಗೊಂಡು, ಮನೆಮದ್ದಲ್ಲವೇ ಎಂದು ಅಮ್ಮನಿಗೂ ಕೊಟ್ಟೆ. ಅವರು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು. ಕೆಲವು ವಾರಗಳಲ್ಲಿ ಎದೆ ದಡದಡ ಎನ್ನುತ್ತದೆ, ಕೈ ನಡುಗುತ್ತದೆ ಎಂದರು. ವೈದ್ಯರು ಚೂರ್ಣದ ಸಂಗತಿ ಕೇಳಿದೊಡನೆ ಅದನ್ನು ನಿಲ್ಲಿಸಿದರು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಹೆಚ್ಚಿಸಬಲ್ಲದು, ನಿದ್ದೆಮಾತ್ರೆಯ ಮಂಪರನ್ನು ಬಲಗೊಳಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೂ ಹಾನಿ ಮಾಡಿದೆ; ಗರ್ಭಿಣಿಯರಿಗಂತೂ ಕೂಡದು. ಇದನ್ನೆಲ್ಲ ತಿಳಿಯದೆ ಹೆತ್ತವಳ ಕೈಗೆ ಲೋಟ ಕೊಟ್ಟದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ. ನಾನೂ ಅಂದೇ ಬಿಟ್ಟೆ. ಮೆಗ್ನೀಸಿಯಂ ಮಾತ್ರೆಯನ್ನೂ ನುಂಗಿ ನೋಡಿದ್ದೆ, ಹೊಟ್ಟೆ ಕೆಟ್ಟಿತು. ರಾಗಿ, ಸೊಪ್ಪು, ಕುಂಬಳಬೀಜದಲ್ಲಿ ಅದು ಇದ್ದೇ ಇದೆ.

ಇಷ್ಟಾದರೂ ಮರುವರ್ಷ ಕೆಲಸದ ಒತ್ತಡ ಹೆಚ್ಚಿದಾಗ ಬಸ್ ಹತ್ತಲೇ ಹೆದರಿ ಹದಿನೈದು ದಿನ ಮನೆಯಲ್ಲಿ ಉಳಿದೆ. ನಡಿಗೆ, ಉಸಿರು ಯಾವುದೂ ಸಾಲಲಿಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ, ಅವಸರವಿಲ್ಲದೆ ಮಾತನಾಡಿದರು. ಅವರ ಸಲಹೆಯಂತೆ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಹನ್ನೆರಡು ವಾರ ಹೋದೆ. ಮೊದಲು ಒಂದು ನಿಲ್ದಾಣ, ಮುಂದಿನ ವಾರ ಮೂರು, ಹೀಗೆ ಹೆದರಿಕೆಯ ಜೊತೆಗೇ ಬಸ್ಸಿನಲ್ಲಿ ಕೂರುವುದನ್ನು ಅವರು ಕಲಿಸಿದರು.

ಈಗ ಅಶ್ವಗಂಧದ ಡಬ್ಬಿಯಲ್ಲಿ ಮೆಂತ್ಯವಿದೆ. ಬಾಲ್ಕನಿಯ ಕುಂಡದಲ್ಲಿ ಒಂದೆಲಗ ಹಬ್ಬಿದೆ. ವಾರಕ್ಕೊಮ್ಮೆ ಅಮ್ಮ ಅದರ ತಂಬುಳಿ ಮಾಡುತ್ತಾರೆ. ಔಷಧಿಯೆಂದಲ್ಲ, ಅನ್ನಕ್ಕೆ ರುಚಿಯೆಂದು ಉಣ್ಣುತ್ತೇವೆ.