ಚುಕ್ಕಾಣಿ ಬಿಚ್ಚಿಟ್ಟು ಟ್ಯಾಕ್ ಕಲಿಸಿದ್ದು: ನನ್ನ ಅನುಭವ

ಕೆಆರ್‌ಎಸ್ ಹಿನ್ನೀರಿನಲ್ಲಿ ಮಕ್ಕಳಿಗೆ ಆಪ್ಟಿಮಿಸ್ಟ್ (ಒಬ್ಬರೇ ನಡೆಸುವ ಪುಟ್ಟ ಹಾಯಿದೋಣಿ) ಕಲಿಸುವ ನಮ್ಮಂಥವರದ್ದು ಒಂದೇ ಗೋಳು. ಟ್ಯಾಕ್ (ಮೂತಿಯನ್ನು ಗಾಳಿಗೆ ಎದುರಾಗಿ ದಾಟಿಸಿ ದೋಣಿಯ ದಿಕ್ಕು ಬದಲಿಸುವುದು) ಅಂದ ಕೂಡಲೇ ಮಗು ಟಿಲ್ಲರನ್ನು, ಅಂದರೆ ಚುಕ್ಕಾಣಿಯ ಹಿಡಿಯನ್ನು, ಪೂರ್ತಿ ತಳ್ಳಿಬಿಡುತ್ತದೆ. ಚುಕ್ಕಾಣಿ ಅಡ್ಡ ನಿಂತು ಬ್ರೇಕ್ ಹಾಕುತ್ತದೆ. ದೋಣಿ ಗಾಳಿಗೆ ಮೂತಿ ಕೊಟ್ಟು ನಿಂತು, ಹಿಂದಕ್ಕೆ ಜಾರುತ್ತದೆ. "ನಿಧಾನ, ನಿಧಾನ" ಅಂತ ಕಿರುಚಿ ನಮ್ಮ ಗಂಟಲು ಹೋಗುವುದಷ್ಟೇ ಲಾಭ.

ಅದಕ್ಕೇ ಚುಕ್ಕಾಣಿಯನ್ನೇ ಬಿಚ್ಚಿಸಿದೆ. ಜೊತೆಯ ಕೋಚ್‌ಗಳು ನಕ್ಕರು. ಒಬ್ಬ ಹುಡುಗನ ಅಪ್ಪ, "ಏನ್ ಸಾರ್, ಸ್ಟಿಯರಿಂಗ್ ಇಲ್ದೆ ಕಾರ್ ಕಲಿಸ್ತೀರಾ?" ಅಂದರು.

ಶುರುವಿನಲ್ಲಿ ನಗುವಂತೆಯೇ ಆಯಿತು. ದೋಣಿಗಳು ದಿಕ್ಕಿಗೊಂದಾದವು. ಎಳೆದು ತರುವಷ್ಟರಲ್ಲಿ ರೆಸ್ಕ್ಯೂ ಬೋಟ್ ಒಂದೇ ವಾರಾಂತ್ಯಕ್ಕೆ ಸಾವಿರದೈನೂರು ರೂಪಾಯಿಯಷ್ಟು ಪೆಟ್ರೋಲ್ ಕುಡಿಯಿತು. ದೋಣಿಗೆ ಉದ್ದ ಹಗ್ಗ ಕಟ್ಟಿ ಬಿಟ್ಟರೆ, ನೈಲಾನ್ ಮುಳುಗಿ ಪ್ರೊಪೆಲರ್‌ಗೆ ಸುತ್ತಿಕೊಂಡಿತು. ಆ ರಿಪೇರಿ ಬಿಲ್ ಬಗ್ಗೆ ಮಾತು ಬೇಡ. ತೇಲುವ ಅಗ್ಗದ ಪ್ಲಾಸ್ಟಿಕ್ ಹಗ್ಗವೇ ಸರಿ.

ಆಮೇಲೆ ಮೆಟ್ಟಿಲು ಮಾಡಿದೆ. ಮೊದಲು ಟಿಲ್ಲರನ್ನು ಹಳೇ ಸೈಕಲ್ ಟ್ಯೂಬ್ ಪಟ್ಟಿಯಿಂದ ನಡುವಿಗೆ ಬಿಗಿಯುವುದು. ಪಂಕ್ಚರ್ ಅಂಗಡಿಯಲ್ಲಿ ಅದು ಪುಕ್ಕಟೆ. ಮಗು ಒಳಗೆ ವಾಲಬೇಕು, ಶೀಟ್ (ಹಾಯಿ ಎಳೆಯುವ ಹಗ್ಗ) ಸ್ವಲ್ಪ ಎಳೆಯಬೇಕು. ಮೂತಿ ತಾನಾಗೇ ಗಾಳಿಯತ್ತ ತಿರುಗುತ್ತದೆ. ಹಾಯಿ ಪಟಪಟ ಅನ್ನುವಾಗ ಹೊರಗೆ ಜೋರಾಗಿ ಒರಗಿ ದೋಣಿಯನ್ನು ಮೈಮೇಲೆ ಎಳೆದುಕೊಳ್ಳಬೇಕು. ಬೂಮ್ (ಹಾಯಿಯ ಅಡಿಯ ಅಡ್ಡಗೋಲು) ದಾಟಿದ ಮೇಲೇ ಜಾಗ ಬದಲು. ಎದುರು ಬದಿ ಕೂತು ಒತ್ತಿ ದೋಣಿ ಸಮ ಮಾಡುವಾಗ ಶೀಟ್ ಒಂದು ಗೇಣು ಸಡಿಲ, ಆಮೇಲೆ ಬಿಗಿ. ಸಡಿಲಿಸದಿದ್ದರೆ ಮತ್ತೆ ಗಾಳಿಗೇ ತಿರುಗಿ ನಿಲ್ಲುತ್ತದೆ. ಹಲ್, ಅಂದರೆ ದೋಣಿಯ ಬರೀ ಒಡಲಿನ, ತೂಕ ಇರುವುದೇ 35 ಕಿಲೋ. 30 ಕಿಲೋ ಮಗು ಕುಂಡಿ ಸರಿಸಿದರೆ ಅದು ಮಾತು ಕೇಳಲೇಬೇಕು, ಅಲ್ವಾ?

ಇದು ಮೈಗೆ ಹತ್ತಿದ ಮೇಲೆ ಟ್ಯೂಬೂ ಇಲ್ಲ, ಚುಕ್ಕಾಣಿಯೂ ಇಲ್ಲ. ಆಗ ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ) ಎಷ್ಟು ಎತ್ತಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ನಾನು ತುಂಬಾ ದುಡ್ಡು ಸುರಿದಿದ್ದೇನೆ!

ನಡುವೆ ಸುಮ್ನೆ ಇನ್ನೊಂದು ನೋಡಿದೆ: ಕಣ್ಣಿಗೆ ಟವೆಲ್ ಕಟ್ಟಿ ಹಾಯಿಯ ಸದ್ದಿನ ಮೇಲೇ ಟ್ಯಾಕ್. ಚಿಕ್ಕವರಿಗೆ ಚೆನ್ನಾಗಿ ಬಂತು. ಎತ್ತರದ ಹುಡುಗರ ತಲೆಗೆ ಬೂಮ್ ಬಡಿದು ನಿಲ್ಲಿಸಬೇಕಾಯಿತು. ಗಾಳಿಯ ಹರಿವು ತೋರಿಸಲು ಹಾಯಿಗೆ ಕಟ್ಟುವ ಉಣ್ಣೆ ದಾರದ ಬದಲು ಹಳೇ ಕ್ಯಾಸೆಟ್ ಟೇಪ್ ಕಟ್ಟಿದ್ದು ಇನ್ನೂ ಇದೆ. ಒದ್ದೆಯಾದರೂ ಅಂಟಿಕೊಳ್ಳುವುದು ಕಡಿಮೆ.

ಮೊದಲು ಒಂದು ಟ್ಯಾಕ್‌ಗೆ ಎರಡೂವರೆ ದೋಣಿಯಷ್ಟು ಉದ್ದ ಕಳೆದುಕೊಳ್ಳುತ್ತಿದ್ದ ಮಕ್ಕಳು ಈಗ ಸುಮಾರು ಒಂದು ದೋಣಿಯಷ್ಟು ಕಳೆದುಕೊಳ್ಳುತ್ತಾರೆ. ನಕ್ಕವರಲ್ಲಿ ಇಬ್ಬರು ಈಗ ಸೈಕಲ್ ಟ್ಯೂಬ್ ಹುಡುಕುತ್ತಿದ್ದಾರೆ. ಆದರೆ ರೇಸಿನಲ್ಲಿ ಹುಡುಗರ ಹುರುಪನ್ನು ಹತೋಟಿಯಲ್ಲಿಡಬೇಕು. ಟ್ಯಾಕ್ ಮಾಡದಿದ್ದರೆ ಇರುತ್ತಿದ್ದ ವೇಗಕ್ಕಿಂತ, ಟ್ಯಾಕ್ ಮುಗಿಸಿದಾಗ ವೇಗ ಜಾಸ್ತಿ ಆದರೆ, ಮೈ ಆಡಿಸಿ ದೋಣಿ ಓಡಿಸಬಾರದು ಅನ್ನುವ ರೇಸಿನ 42ನೇ ನಿಯಮ ಮುರಿದಂತೆ. ತೀರ್ಪುಗಾರರಿಂದ ದಂಡದ ಹಳದಿ ಬಾವುಟ ಬರುತ್ತದೆ.

ಇನ್ನು, ಜೂನ್-ಜುಲೈ ಗಾಳಿಯಲ್ಲಿ ಇದನ್ನು ಮಾಡಲು ಹೋಗಬೇಡಿ. ಮಳೆಗಾಲ ಕಳೆದು, ನೀರು ತುಂಬಿದ್ದು, ಬೆಳಗಿನ ಗಾಳಿ ಐದಾರು ನಾಟ್ (ಗಂಟೆಗೆ ಸುಮಾರು ಹತ್ತು ಕಿ.ಮೀ.) ಇರುವಾಗ ಸಾಕು.