ಹನ್ನೆರಡು ಲಕ್ಷದ ಆಚೆ: ನನ್ನ ತೆರಿಗೆ ಲೆಕ್ಕ

ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನೋದು ಈಗ ಎಲ್ಲರಿಗೂ ಗೊತ್ತು. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ರಸೀದಿ ಇಲ್ಲದೆ ಸಂಬಳದಿಂದ ಕಳೆಯುವ ಮೊತ್ತ) ಸೇರಿ 12.75 ಲಕ್ಷ. ಅದನ್ನು ಸ್ವಲ್ಪ ದಾಟಿದರೆ? ಕಲಬುರಗಿಯ ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. "ಮನಿ ಸಾಲ ಐತಿ, ಎಲ್‌ಐಸಿ ಐತಿ, ಹಳೇದೇ ಚಲೋ ಬಿಡ್ರೀ ಸರ್" ಎನ್ನುವವರೇ ಜಾಸ್ತಿ. ನಾನು 2025-26ರ ನನ್ನ ಸಂಬಳವನ್ನೇ ಎರಡೂ ಕಡೆ ಹಾಕಿ ನೋಡಿದೆ.

ಒಟ್ಟು ಸಂಬಳ 13.20 ಲಕ್ಷ. ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಸರ್ಕಾರ ಕಟ್ಟುವ ಪಾಲನ್ನು ಇದರಲ್ಲಿ ಹಿಡಿದಿಲ್ಲ. ಅದನ್ನು ಒಮ್ಮೆ ಕೂಡಿಸಿ ಮತ್ತೆ ಕಳೆಯುವುದು ಎರಡೂ ಪದ್ಧತಿಯಲ್ಲಿ ಇದೆ.

ಸಾಲದ ಬಡ್ಡಿ, ಉಳಿತಾಯ ಕಳೆಯಬಹುದಾದ ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ 50,000, ವೃತ್ತಿ ತೆರಿಗೆ 2,500, ರಾಜ್ಯ ಸರ್ಕಾರಿ ನೌಕರರ ವಿಮೆ ಕೆಜಿಐಡಿ-ಎಲ್‌ಐಸಿ-ಮಕ್ಕಳ ಫೀಸು ಸೇರಿ 80ಸಿ ಸೆಕ್ಷನ್ ಕೊಡುವ ಉಳಿತಾಯದ ಕಡಿತ 1.5 ಲಕ್ಷ, ಎನ್‌ಪಿಎಸ್‌ಗೆ ಹೆಚ್ಚುವರಿ 50,000, ಆರೋಗ್ಯ ವಿಮೆ 25,000, ಮನೆ ಸಾಲದ ಬಡ್ಡಿ 2 ಲಕ್ಷ. ಎಲ್ಲ ಕಳೆದ ಮೇಲೆ ಉಳಿದದ್ದು 8,42,500. ತೆರಿಗೆ 81,000. ಶೇ. 4 ಸೆಸ್ ಸೇರಿ 84,240.

ಹೊಸದರಲ್ಲಿ 75,000 ಮಾತ್ರ ಕಳೆದರೆ 12,45,000. ಸ್ಲ್ಯಾಬ್ (ಆದಾಯದ ಹಂತಕ್ಕೊಂದು ದರ) ಪ್ರಕಾರ 66,750 ಆಗುತ್ತದೆ. ಆದರೆ ಇಲ್ಲಿ ಮಾರ್ಜಿನಲ್ ರಿಲೀಫ್ ಇದೆ. ನಾನು 12 ಲಕ್ಷ ದಾಟಿದ್ದೇ 45,000. ದಾಟಿದ ದುಡ್ಡಿಗಿಂತ ಜಾಸ್ತಿ ತೆರಿಗೆ ಕೇಳುವಂತಿಲ್ಲ. ಹಾಗಾಗಿ ತೆರಿಗೆ 45,000, ಸೆಸ್ ಸೇರಿ 46,800. ಒಂದು ರಸೀದಿಯೂ ಬೇಕಿಲ್ಲ! ತೆರಿಗೆಗೆ ಒಳಪಡುವ ಆದಾಯ ಸುಮಾರು 12.70 ಲಕ್ಷ ಆಗುವವರೆಗೆ ಈ ರಿಲೀಫ್ ಸಿಗುತ್ತದೆ. ಆದರೆ ವಿಶೇಷ ದರದಲ್ಲಿ ತೆರಿಗೆ ಬೀಳುವ, ಷೇರು ಮಾರಿದ ಬಂಡವಾಳ ಲಾಭಕ್ಕೆ ಈ ರಿಯಾಯಿತಿ ಇಲ್ಲ. ಮೊಬೈಲಿನಲ್ಲಿ ಷೇರು ಕೊಂಡು ಮಾರುವ ಹುಡುಗರು ಗಮನಿಸಬೇಕು.

ಸುಮ್ನೆ ತೆರಿಗೆ ಉಳಿಸಲೆಂದು ಫೆಬ್ರವರಿಯಲ್ಲಿ ಪಾಲಿಸಿ ಮಾಡಿಸುವುದನ್ನು ನಾನಂತೂ ಬಿಟ್ಟೆ. ಆರೋಗ್ಯ ವಿಮೆ ಬಿಟ್ಟಿಲ್ಲ, ಅದು ಆಸ್ಪತ್ರೆ ಖರ್ಚಿಗೆ ಬೇಕೇ ಬೇಕು.

ಬೀದರಿನಲ್ಲಿ ಸಾಲದ ಮನೆ, ಇಲ್ಲಿ ಬಾಡಿಗೆ ಮನೆ ಇರುವ ಸಹೋದ್ಯೋಗಿಯೊಬ್ಬರಿದ್ದಾರೆ. ಬಡ್ಡಿಯ ಜೊತೆ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ ಕೂಡ ಸಿಗುವ ಇಂಥವರು ಹಳೆಯದನ್ನು ಲೆಕ್ಕ ಹಾಕದೆ ಬಿಡಬಾರದು. ಪೂರ್ತಿ ಎಚ್‌ಆರ್‌ಎ ಮಾಫಿ ಅಂದುಕೊಳ್ಳಬೇಡಿ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮೊತ್ತದ ಹತ್ತನೇ ಒಂದು ಭಾಗವನ್ನು ಬಾಡಿಗೆಯಿಂದ ಕಳೆದು ಉಳಿಯುವ ಮೊತ್ತ ಕಡಿಮೆ ಇದ್ದರೆ, ಅಷ್ಟೇ ಸಿಗುವುದು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. 80ಸಿ ಅಲ್ಲಿ 123ನೇ ಸೆಕ್ಷನ್. ನಂಬರ್ ಬದಲಾಗಿದೆ, 1.5 ಲಕ್ಷದ ಮಿತಿ ಹಾಗೇ ಇದೆ. ಸಂಬಳದವರು ಪದ್ಧತಿಯನ್ನು ಪ್ರತಿ ವರ್ಷ ಬದಲಿಸಬಹುದು. ಆಫೀಸಿನಲ್ಲಿ ಹೊಸದನ್ನು ಬರೆದುಕೊಟ್ಟಿದ್ದರೂ ರಿಟರ್ನ್‌ನಲ್ಲಿ ಹಳೆಯದನ್ನು ಆರಿಸಬಹುದು. ಆದರೆ ಕೊನೆಯ ದಿನಾಂಕದೊಳಗೆ ಸಲ್ಲಿಸಬೇಕು, ತಡವಾದರೆ ಹಳೆಯದು ಸಿಗುವುದಿಲ್ಲ.